ಕೈಗೆ ಒಗ್ಗುವ ಸಲಕರಣೆ

(ಶತಮಾನೋತ್ಸವದ ಅಂಗವಾಗಿ ಜರಗಿದ ಹೆತ್ತವರ ಹಾಗೂ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ಶಾಲೆಯೊಂದರ ಅಂಗಳದಲ್ಲಿ ನಿಂತು ಮಾತನಾಡುವ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ. ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಕಾಸರಗೋಡು ಸೇರಿದ್ದ ಕಾಲದಲ್ಲಿ ಹುಟ್ಟಿದ ಈ ಶಾಲೆ, 1956ರ ನವೆಂಬರ್ 1ರಂದು ರಾಜ್ಯದ ಗಡಿ ಬದಲಾದರೂ ತನ್ನ ಭಾಷೆಯನ್ನು ಬದಲಿಸಲಿಲ್ಲ. ಆ ಕಥೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿ ಬರೆದಿದ್ದಾರೆ. ನಾನು ಇಂದು ಬೇರೊಂದು ಗಡಿಯ ಕುರಿತು ಮಾತನಾಡಬೇಕೆಂದಿದ್ದೇನೆ. ಅದು ನಮ್ಮ ತರಗತಿಯ ಒಳಗೇ ಇರುವ ಗಡಿ.

ಸಂಚಿಕೆಯ ಕೆಲಸಕ್ಕಾಗಿ ಹಳೆಯ ದಾಖಲಾತಿ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ, ಗೆದ್ದಲು ತಿಂದ ಅಂಚುಗಳನ್ನು ಒರೆಸಿ ಓದುತ್ತಿದ್ದೆ. ‘ಶಾಲೆ ಬಿಡಲು ಕಾರಣ’ ಎಂಬ ಕಲಂನಲ್ಲಿ ‘ಊರು ಬಿಟ್ಟುದು’, ‘ಮನೆಗೆಲಸ’, ‘ವಿವಾಹ’ ಎಂಬ ಬರಹಗಳ ನಡುವೆ ಅಲ್ಲಲ್ಲಿ ‘ದೃಷ್ಟಿ ಮಂದ’, ‘ಕಾಲು ಊನ’ ಎಂದು ಎರಡೇ ಪದಗಳಿದ್ದವು. ಬರೆದವರ ಅಕ್ಷರ ಮುತ್ತಿನಂತಿತ್ತು. ಯಾರ ತಪ್ಪೂ ಅಲ್ಲವೆಂಬ ನಿರಾಳ ಆ ಅಕ್ಷರಗಳಲ್ಲಿತ್ತು. ಕಾಲು ಊನವಾದದ್ದು ಮಗುವಿನದು. ಆದುದರಿಂದ ಶಾಲೆ ಬಿಟ್ಟದ್ದೂ ಮಗುವೇ. ಅಂದಿನವರ ಮೇಲೆ ತೀರ್ಪು ಕೊಡುವ ಮೊದಲು ನನ್ನ ಕಾಲದಲ್ಲಿ, ನನ್ನ ಕೈಯಿಂದಲೇ ನಡೆದ ಒಂದು ಸಂಗತಿಯನ್ನು ತಮ್ಮ ಮುಂದಿಡಬೇಕು.

ಹದಿನಾಲ್ಕು ವರ್ಷಗಳ ಹಿಂದಿನ ಮಾತು. ನಾನಾಗ ಏಳನೆಯ ತರಗತಿಯ ಅಧ್ಯಾಪಿಕೆ. ವೃತ್ತಿಪರಿಚಯದ ತರಗತಿಯಲ್ಲಿ ಮಕ್ಕಳಿಗೆ ಕೊಡೆ ತಯಾರಿ ಕಲಿಸುತ್ತಿದ್ದೆವು. ಉಪಜಿಲ್ಲಾ ಮೇಳ ಹತ್ತಿರವಾಗಿತ್ತು. ಆ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಹುಟ್ಟಿನಿಂದಲೇ ಅವಳ ಬಲಗೈಗೆ ಶಕ್ತಿ ಸಾಲದು. ಬೆರಳುಗಳು ಮಡಚಿಕೊಂಡೇ ಇರುತ್ತಿದ್ದವು. ಎಡಗೈಯಲ್ಲಿ ಚೆಂದವಾಗಿ ಬರೆಯುತ್ತಿದ್ದಳು. ಆದರೆ ಕೊಡೆ ಹೊಲಿಯಲು ಎರಡು ಕೈ ಬೇಕು. ಒಂದು ಕೈ ಕಡ್ಡಿಗಳನ್ನು ಹಿಡಿದಿರಬೇಕು, ಇನ್ನೊಂದು ಸೂಜಿ ನಡೆಸಬೇಕು. ನಾನು ಅವಳನ್ನು ನನ್ನ ಮೇಜಿನ ಪಕ್ಕ ಕೂರಿಸಿಕೊಂಡೆ. ಬಟ್ಟೆಯ ತುಂಡುಗಳನ್ನು ಎಣಿಸುವ ಕೆಲಸ ಕೊಟ್ಟೆ. ವರ್ಷದ ಕೊನೆಗೆ ವೃತ್ತಿಪರಿಚಯದಲ್ಲಿ ಅವಳಿಗೆ ‘ಎ’ ಶ್ರೇಣಿ ಬರೆದೆ. ಮನಸ್ಸಿನಲ್ಲಿ ಒಂದು ಪುಣ್ಯದ ಕೆಲಸ ಮಾಡಿದ ತೃಪ್ತಿಯಿತ್ತು.

ಪ್ರಗತಿಪತ್ರ ಪಡೆಯಲು ಬಂದ ಅವಳ ತಾಯಿ ಬೀಡಿ ಕಟ್ಟಿ ಸಂಸಾರ ಸಾಗಿಸುವವರು. ಆ ಕಾಗದವನ್ನು ಎರಡು ಸಲ ನೋಡಿ, ಮೆಲ್ಲನೆ ಕೇಳಿದರು: “ಟೀಚರ್, ಇವಳು ಒಂದು ಕೊಡೆಯನ್ನೂ ಮಾಡಲಿಲ್ಲ ಅಂತ ಹೇಳಿದಳು. ಮತ್ತೆ ಇದು ಯಾವುದಕ್ಕೆ ಸಿಕ್ಕಿದ ಮಾರ್ಕು?” ನನ್ನಲ್ಲಿ ಉತ್ತರವಿರಲಿಲ್ಲ. ಅವರು ಕೋಪದಿಂದ ಕೇಳಿದ್ದರೆ ಏನಾದರೂ ಸಮಜಾಯಿಷಿ ಹೇಳುತ್ತಿದ್ದೆನೇನೋ. ಅವರು ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದರು.

ಆ ರಜೆಯಲ್ಲಿ ನಾನು ಅವರ ಮನೆಗೆ ಹೋದೆ. ಹುಡುಗಿ ಅಡುಗೆಮನೆಯಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತು ಸೌತೆಕಾಯಿ ಹೆಚ್ಚುತ್ತಿದ್ದಳು. ಮಣೆಯನ್ನು ಕಾಲಿನಿಂದ ಅದುಮಿ ಹಿಡಿದು, ಎಡಗೈಯೊಂದರಿಂದಲೇ ಹೋಳನ್ನು ಅಲಗಿಗೆ ಒತ್ತುತ್ತಿದ್ದಳು. ಹೋಳುಗಳು ಒಂದರಂತೆ ಇನ್ನೊಂದು ಸಮನಾಗಿ ಬೀಳುತ್ತಿದ್ದವು. ನಾನು ನೋಡುತ್ತ ನಿಂತೆ. ಚಾಕುವಿನಲ್ಲಿ ಹೆಚ್ಚಬೇಕಾದರೆ ಒಂದು ಕೈ ಕಾಯಿಯನ್ನು, ಇನ್ನೊಂದು ಕೈ ಚಾಕುವನ್ನು ಹಿಡಿಯಬೇಕು. ಮೆಟ್ಟುಕತ್ತಿಯಲ್ಲಿ ಅಲಗು ಸ್ಥಿರವಾಗಿ ನಿಂತಿದೆ. ಆದ್ದರಿಂದ ಒಂದು ಕೈ ಸಾಕು. ಯಾವ ತಜ್ಞರೂ ಹೇಳಿಕೊಡದೆ, ನಮ್ಮ ಅಜ್ಜಿಯಂದಿರ ಕಾಲದ ಒಂದು ಸಲಕರಣೆ ಆ ಮಗುವಿನ ಕೈಯ ಕೊರತೆಯನ್ನು ತುಂಬಿಬಿಟ್ಟಿತ್ತು. ಆ ಮನೆಯ ಅಡುಗೆಕೋಣೆಯಲ್ಲಿ ಅವಳು ವಿಕಲಾಂಗಳಾಗಿರಲಿಲ್ಲ. ನನ್ನ ತರಗತಿಯಲ್ಲಿ ಆಗಿದ್ದಳು. ಎರಡೂ ಕಡೆ ಕೈ ಅದೇ. ಬದಲಾದದ್ದು ಸಲಕರಣೆ ಮಾತ್ರ.

ಶಾಲೆ ತೆರೆದಾಗ ಅವಳು ಎಂಟನೆಯ ತರಗತಿಗೆ ಬಂದಿದ್ದಳು. ನಮ್ಮ ಮಕ್ಕಳ ಹೆತ್ತವರಲ್ಲೊಬ್ಬರಾದ ಬಡಗಿಯವರನ್ನು ಕರೆಸಿದೆ. ಅವರು ಒಂದು ದಪ್ಪ ಹಲಗೆಯ ಮೇಲೆ ಗಿಡ್ಡನೆಯ ಕಂಬ ನಿಲ್ಲಿಸಿ, ಅದರ ತಲೆಯಲ್ಲಿ ತೂತು ಕೊರೆದು ಕೊಟ್ಟರು. ಕೊಡೆಯ ಹಿಡಿಯನ್ನು ಆ ತೂತಿಗೆ ಇಳಿಸಿದರೆ ಕೊಡೆ ಬಿಚ್ಚಿಕೊಂಡು ನಿಲ್ಲುತ್ತಿತ್ತು; ಬೇಕಾದತ್ತ ತಿರುಗುತ್ತಲೂ ಇತ್ತು. ದಾರ ಪೋಣಿಸಲು ಅಂಗಡಿಯಲ್ಲಿ ಸಿಗುವ ತಂತಿಯ ಸಾಧನ ತಂದೆವು. ಒಂದೇ ಕೈಯಲ್ಲಿ ಗಂಟು ಹಾಕುವುದು ಕಷ್ಟ. ದಾರವನ್ನು ಮಡಚಿ ಅದರ ಎರಡು ತುದಿಗಳನ್ನು ಸೂಜಿಗೆ ಪೋಣಿಸಿ, ಮೊದಲ ಹೊಲಿಗೆಯ ಬಳಿಕ ಸೂಜಿಯನ್ನು ಆ ಮಡಿಕೆಯೊಳಗಿಂದಲೇ ದಾಟಿಸಿದರೆ ಗಂಟಿನ ಅಗತ್ಯವೇ ಇಲ್ಲವೆಂದು ನಮ್ಮ ಹೊಲಿಗೆ ಅಧ್ಯಾಪಿಕೆ ತೋರಿಸಿಕೊಟ್ಟರು. ಉಳಿದದ್ದು ದಾರ ಕತ್ತರಿಸುವ ಸಮಸ್ಯೆ. ಅದಕ್ಕೆ ದಾರಿ ಹೇಳಿದವಳು ಆ ಹುಡುಗಿಯೇ: “ಕಂಬದ ಬದಿಗೆ ಒಂದು ಸಣ್ಣ ಅಲಗು ಇಟ್ಟರೆ ಆಯಿತಲ್ಲ ಟೀಚರ್, ಮೆಟ್ಟುಕತ್ತಿಯ ಹಾಗೆ.”

ಆ ವರ್ಷ ಅವಳು ಏಳು ಕೊಡೆ ಮಾಡಿದಳು. ಇತರ ಮಕ್ಕಳಿಗೆ ಬೇಕಾಗುವ ಸಮಯದ ಸುಮಾರು ಒಂದೂವರೆ ಪಾಲು ಅವಳಿಗೆ ಬೇಕಾಗುತ್ತಿತ್ತು. ಮೇಳದಲ್ಲಿ ಬಹುಮಾನ ಬರಲಿಲ್ಲ. ವರ್ಷಾಂತ್ಯಕ್ಕೆ ನಾನು ‘ಬಿ’ ಶ್ರೇಣಿ ಬರೆದೆ. ಈ ಬಾರಿ ತಾಯಿ ಏನನ್ನೂ ಕೇಳಲಿಲ್ಲ. ಹಿಂದಿನ ವರ್ಷದ ‘ಎ’ಗಿಂತ ಈ ‘ಬಿ’ಗೆ ತೂಕ ಹೆಚ್ಚೆಂಬುದು ಅವರಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು.

ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಅವಧಿಯಲ್ಲಿ ಒಂದು ಶಿಬಿರದಲ್ಲಿ ಆ ಮಗುವಿನ ಕೈಗೆ ತೊಡಿಸಲು ಬೆಲೆಬಾಳುವ ಪಟ್ಟಿಯೊಂದನ್ನು ಕೊಟ್ಟಿದ್ದರು. ಕೊಡುವಾಗ ಛಾಯಾಚಿತ್ರವನ್ನೂ ತೆಗೆದರು. ನಮ್ಮ ಸೆಕೆಗೆ ಅದರೊಳಗೆ ಕೈ ಬೆವತು ಚರ್ಮ ಕೆಂಪಾಯಿತು. ಎರಡು ವಾರಗಳಲ್ಲಿ ಅದು ಗೋಡೆಯ ಮೊಳೆಗೆ ಏರಿತು. ಕೊಟ್ಟವರ ಉದ್ದೇಶ ಒಳ್ಳೆಯದೇ. ಆದರೆ ಆ ಹುಡುಗಿ ಏನು ಕೆಲಸ ಮಾಡುತ್ತಾಳೆ, ಎಲ್ಲಿ ಅವಳ ಕೈ ತಡೆಯುತ್ತದೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಕಂಬ ಉಳಿಯಿತು, ಪಟ್ಟಿ ಉಳಿಯಲಿಲ್ಲ. ಕಂಬ ಮಾಡುವಾಗ ನಾವು ಅವಳನ್ನು ಕೇಳಿದ್ದೆವು.

ಆ ಬಳಿಕ ನಾನು ಈ ವಿಷಯವನ್ನು ಓದತೊಡಗಿದೆ. ಇದಕ್ಕೆ ‘ಸಹಾಯಕ ತಂತ್ರಜ್ಞಾನ’ ಎಂಬ ದೊಡ್ಡ ಹೆಸರಿದೆಯೆಂದು ತಿಳಿಯಿತು. ಹೆಸರು ದೊಡ್ಡದಾದರೂ ಅದರ ಇತಿಹಾಸದ ಒಳ್ಳೆಯ ಪುಟಗಳೆಲ್ಲ ನಮ್ಮ ಬಡಗಿಯವರ ಕಂಬದಂತೆಯೇ ಇವೆ. ಎರಡು ಮೂರನ್ನು ಹೇಳುತ್ತೇನೆ.

‘ಜೈಪುರ ಕಾಲು’ ಎಂದರೆ ನಮಗೆ ನರ್ತಕಿ ಸುಧಾ ಚಂದ್ರನ್ ನೆನಪಾಗುತ್ತಾರೆ. ಆದರೆ ಆ ಕಾಲು ರೂಪುಗೊಂಡದ್ದು ರಂಗಸ್ಥಳಕ್ಕಾಗಿ ಅಲ್ಲ, ಗದ್ದೆಗಾಗಿ. 1960ರ ದಶಕದ ಕೊನೆಯಲ್ಲಿ ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡ ರೈತರಿಗೆ ವಿದೇಶಿ ಮಾದರಿಯ ಕೃತಕ ಪಾದಗಳನ್ನು ಜೋಡಿಸುತ್ತಿದ್ದರು. ಆ ಪಾದ ಬಾಗುತ್ತಿರಲಿಲ್ಲ. ಬೂಟು ಹಾಕಿಕೊಂಡೇ ನಡೆಯಬೇಕಿತ್ತು. ಕುಕ್ಕರುಗಾಲಿನಲ್ಲಿ ಕೂರುವಂತಿಲ್ಲ, ಚಕ್ಕಳಮಕ್ಕಳ ಹಾಕುವಂತಿಲ್ಲ, ಕೆಸರಿಗೆ ಇಳಿಯುವಂತಿಲ್ಲ. ಇವಿಷ್ಟೂ ಸಾಧ್ಯವಿಲ್ಲದ ಮೇಲೆ ನಮ್ಮ ರೈತನಿಗೆ ಉಳಿದದ್ದೇನು? ಅವರು ಅದನ್ನು ಬದಿಗಿಟ್ಟು ಊರುಗೋಲು ಹಿಡಿಯುತ್ತಿದ್ದರು. ಅಲ್ಲಿದ್ದ ಕುಶಲಕರ್ಮಿ ರಾಮಚಂದ್ರ ಶರ್ಮರಿಗೆ ಶಾಲಾ ವಿದ್ಯೆ ಹೆಚ್ಚೇನೂ ಇರಲಿಲ್ಲ. ಶಿಲ್ಪ ಮತ್ತು ಕರಕುಶಲ ಅವರ ವಿದ್ಯೆ. ಮೂಳೆವೈದ್ಯ ಡಾ. ಪಿ. ಕೆ. ಸೇಥಿಯವರ ಜೊತೆಗೂಡಿ, ರಬ್ಬರು ಮತ್ತು ಮರವನ್ನು ಅಚ್ಚಿನಲ್ಲಿಟ್ಟು ಕಾಯಿಸಿ, ಬರಿಗಾಲಿನಂತೆಯೇ ಕಾಣುವ, ಬಾಗುವ, ನೀರಿಗೆ ಹೆದರದ ಪಾದವನ್ನು ಅವರು ಮಾಡಿದರು. ಸೇಥಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ವೈದ್ಯರ ಜ್ಞಾನ, ಕಮ್ಮಾರಶಾಲೆಯ ಜ್ಞಾನ, ರೈತನ ಅನುಭವ ಒಂದೇ ಮೇಜಿಗೆ ಬಂದಾಗ ಆದ ಕೆಲಸವಿದು.

ಎರಡನೆಯದು ತಮಗೆಲ್ಲ ತಿಳಿದ ಹೆಸರು, ಲೂಯಿ ಬ್ರೈಲ್. 1809ರಲ್ಲಿ ಫ್ರಾನ್ಸಿನ ಕೂಪ್‌ವ್ರೇ ಎಂಬ ಊರಿನಲ್ಲಿ ಹುಟ್ಟಿದ ಅವನು ಮೂರರ ಪ್ರಾಯದಲ್ಲಿ ತಂದೆಯ ಕಾರ್ಯಾಗಾರದಲ್ಲಿ ಆಟವಾಡುತ್ತಿದ್ದಾಗ, ಚರ್ಮಕ್ಕೆ ತೂತು ಕೊರೆಯುವ ಮೊನಚು ಸಲಕರಣೆ ಕಣ್ಣಿಗೆ ಚುಚ್ಚಿತು. ಸೋಂಕು ಇನ್ನೊಂದು ಕಣ್ಣಿಗೂ ಹಬ್ಬಿ ದೃಷ್ಟಿ ಪೂರ್ತಿ ಹೋಯಿತು. ಹದಿನೈದರ ಹುಡುಗನಾಗಿ 1824ರಲ್ಲಿ ಅವನು ಆರು ಚುಕ್ಕಿಗಳ ಲಿಪಿಯನ್ನು ರೂಪಿಸಿದ. ಆ ಚುಕ್ಕಿಗಳನ್ನು ಕಾಗದದ ಮೇಲೆ ಮೂಡಿಸಲು ಬಳಸುವುದೂ ಕೈಯಲ್ಲಿ ಹಿಡಿಯುವ ಒಂದು ಮೊನಚು ಸಲಕರಣೆಯನ್ನೇ. ಕಣ್ಣು ಕಸಿದ ಬಗೆಯ ಮೊನೆಯೇ ಅಕ್ಷರವನ್ನು ಕೊಟ್ಟಿತು. ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ನೆಲೆಗೊಂಡಿತು. ಅದರಲ್ಲಿ ನಮ್ಮ ‘ಅ’ ಎಂದರೆ ಮೊದಲನೆಯ ಚುಕ್ಕಿ ಒಂದೇ.

ಮೂರನೆಯದು ನಮ್ಮ ಕಾಲದ್ದು. ದಕ್ಷಿಣ ಆಫ್ರಿಕದ ಬಡಗಿ ರಿಚರ್ಡ್ ವ್ಯಾನ್ ಆ್ಯಸ್ 2011ರಲ್ಲಿ ಗರಗಸಕ್ಕೆ ಸಿಲುಕಿ ಬಲಗೈಯ ಬೆರಳುಗಳನ್ನು ಕಳೆದುಕೊಂಡರು. ಸಿದ್ಧ ಕೃತಕ ಬೆರಳುಗಳ ಬೆಲೆ ಅವರ ಶಕ್ತಿಗೆ ಮೀರಿದ್ದು. ಮತ್ತೆ ಕೆಲಸಕ್ಕೆ ಮರಳಲೇಬೇಕೆಂದು, ಅಮೆರಿಕದಲ್ಲಿ ಯಾಂತ್ರಿಕ ಕೈಗಳ ಮಾದರಿ ಮಾಡುತ್ತಿದ್ದ ಐವನ್ ಓವನ್ ಎಂಬವರನ್ನು ಅಂತರ್ಜಾಲದಲ್ಲಿ ಹುಡುಕಿ ಹಿಡಿದರು. ಭೂಮಿಯ ಎರಡು ಮೂಲೆಗಳಲ್ಲಿ ಕುಳಿತು ಇಬ್ಬರೂ ದಾರ ಮತ್ತು ಕೀಲುಗಳಿಂದ ಮಡಚುವ ಬೆರಳನ್ನು ರೂಪಿಸಿದರು. ಬಳಿಕ ಹುಟ್ಟಿನಿಂದ ಬೆರಳಿಲ್ಲದ ಪುಟ್ಟ ಹುಡುಗನೊಬ್ಬನಿಗೆ ಕೈ ಮಾಡಿಕೊಟ್ಟು, 2013ರಲ್ಲಿ ಅದರ ವಿನ್ಯಾಸವನ್ನು ಯಾರು ಬೇಕಾದರೂ ಮಾಡಿಕೊಳ್ಳುವಂತೆ ಉಚಿತವಾಗಿ ಬಿಟ್ಟುಕೊಟ್ಟರು. ಮಣಿಗಂಟು ಬಾಗಿದರೆ ದಾರ ಬಿಗಿಯುತ್ತದೆ, ದಾರ ಬಿಗಿದರೆ ಬೆರಳು ಮುಚ್ಚುತ್ತದೆ. ತತ್ತ್ವ ಅಷ್ಟೇ, ತೊಗಲುಬೊಂಬೆ, ಸೂತ್ರದ ಬೊಂಬೆ ಕಂಡ ನಮಗೆ ಅದು ಅಪರಿಚಿತವೇನಲ್ಲ.

ಈ ಮೂವರೂ ‘ಈ ಮನುಷ್ಯನಿಗೆ ಏನು ಕಡಿಮೆ?’ ಎಂಬಲ್ಲಿಗೆ ನಿಲ್ಲಲಿಲ್ಲ. ‘ಈ ಕೆಲಸಕ್ಕೆ ಏನು ಬೇಕು? ಎಲ್ಲಿ ತಡೆಯುತ್ತದೆ?’ ಎಂದು ಮುಂದುವರಿದು ಕೇಳಿದರು. ಕಾರು ತಯಾರಕ ಹೆನ್ರಿ ಫೋರ್ಡ್ ಕೂಡ ಈ ಪ್ರಶ್ನೆ ಕೇಳಿದ್ದರು. 1922ರ ತಮ್ಮ ಪುಸ್ತಕದಲ್ಲಿ ಅವರು ಕೊಟ್ಟ ಲೆಕ್ಕದಂತೆ, ಕಾರ್ಖಾನೆಯ 7,882 ಬಗೆಯ ಕೆಲಸಗಳನ್ನು ಬಿಡಿಸಿ ನೋಡಿದಾಗ 4,034ಕ್ಕೆ ಪೂರ್ಣ ದೇಹಶಕ್ತಿಯ ಅಗತ್ಯವೇ ಇರಲಿಲ್ಲ. ಒಂದು ಕಾಲಿನವರು ಮಾಡಬಹುದಾದವು 2,637. ಎರಡೂ ಕಾಲಿಲ್ಲದವರು ಮಾಡಬಹುದಾದವು 670. ಒಂದು ಕೈಯವರು ಮಾಡಬಹುದಾದವು 715. ಅಂಧರು ಮಾಡಬಹುದಾದವು 10. ಎರಡೂ ಕೈಯಿಲ್ಲದವರು ಮಾಡಬಹುದಾದವು 2. ಈ ಲೆಕ್ಕದಲ್ಲಿ ಒಂದು ಕೊರತೆಯನ್ನೂ ನಾನು ಕಾಣುತ್ತೇನೆ. ಫೋರ್ಡರ ಕಾರ್ಖಾನೆಯಲ್ಲಿ ಒಬ್ಬನಿಗೆ ಒಂದು ಮೊಳೆ, ಇನ್ನೊಬ್ಬನಿಗೆ ಒಂದು ತಿರುಪು. ನಮ್ಮ ಹುಡುಗಿಗೆ ನಾನು ಮೊದಲು ಕೊಟ್ಟದ್ದೂ ಅಂಥ ತುಂಡು ಕೆಲಸವನ್ನೇ, ಬಟ್ಟೆ ಎಣಿಸುವುದನ್ನು. ಅವಳಿಗೆ ಬೇಕಾಗಿದ್ದದ್ದು ಇಡೀ ಕೊಡೆ. ತಾನು ಆರಂಭಿಸಿದ್ದನ್ನು ತಾನೇ ಮುಗಿಸಿ, ಬಿಚ್ಚಿ ನೋಡುವ ಸುಖ ಮನುಷ್ಯರೆಲ್ಲರ ಹಕ್ಕು.

ಕನ್ನಡಿಗರಾದ ನಾವು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಸ್ವತಃ ದೃಷ್ಟಿಯಿಲ್ಲದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಲ್ಲಿ ಅಸಂಖ್ಯ ಮಕ್ಕಳ ಕಂಠಕ್ಕೆ ಸ್ವರವನ್ನೂ ಕೈಗೆ ವಾದ್ಯವನ್ನೂ ಕೊಟ್ಟರು. ಆ ಬಾಗಿಲು ದೊಡ್ಡದು. ಆದರೆ ಕಣ್ಣಿಲ್ಲದ ಮಗುವೆಂದರೆ ಸಂಗೀತ ಒಂದೇ ದಾರಿಯೆಂದು ನಾವು ತೀರ್ಮಾನಿಸಬಾರದು. ಸ್ವರ ಒಲಿಯದ ಮಗುವಿಗೆ ಮರಗೆಲಸ ಒಲಿಯಬಹುದು. ತಿರುಪು ಇರುವ ಸರಳನ್ನು ಒಂದೊಂದು ಹೆಜ್ಜೆ ಸರಿಸಿದಾಗ ‘ಟಿಕ್’ ಎಂದು ಸದ್ದು ಮಾಡುವ ಅಳತೆಕೋಲುಗಳಿವೆ. ಸದ್ದನ್ನು ಎಣಿಸುತ್ತ, ಗೀಟುಗಳನ್ನು ಬೆರಳಿನಿಂದ ತಡವುತ್ತ ದೃಷ್ಟಿಯಿಲ್ಲದ ಬಡಗಿಗಳು ಕರಾರುವಾಕ್ಕಾಗಿ ಮರ ಅಳೆಯುತ್ತಾರೆ. ಮಾತನಾಡುವ ತಕ್ಕಡಿಗಳೂ ಅಳತೆಪಟ್ಟಿಗಳೂ ಬಂದಿವೆ. ಅವು ಬಹುಪಾಲು ಇಂಗ್ಲಿಷಿನಲ್ಲಿ ಮಾತನಾಡುತ್ತವೆ ಎಂಬುದು ನಮ್ಮಂಥ ಶಾಲೆಗಳವರು ಗಟ್ಟಿಯಾಗಿ ಹೇಳಬೇಕಾದ ದೂರು. ಗಣಕದ ತೆರೆಯನ್ನು ಓದಿಹೇಳುವ ಉಚಿತ ತಂತ್ರಾಂಶಗಳು ಕನ್ನಡವನ್ನು ಓದಬಲ್ಲವು. ಮನಸ್ಸು ಮಾಡಿದರೆ ಅಳತೆಪಟ್ಟಿಯೂ ಕನ್ನಡ ಕಲಿಯಬಲ್ಲದು.

ಇದೆಲ್ಲ ಬಹಳ ಹಣದ ಬಾಬತ್ತೆಂದು ಯಾರೂ ಹೆದರಬೇಕಿಲ್ಲ. ನಾನು ಕಂಡುಕೊಂಡಂತೆ ಇದರಲ್ಲಿ ನಾಲ್ಕೇ ಸೂತ್ರಗಳಿವೆ. ಕೈ ಹಿಡಿಯಲಾರದ ವಸ್ತುವನ್ನು ಹಿಡಿಕೆಯೋ ಕಂಬವೋ ಹಿಡಿಯಲಿ. ಕಣ್ಣು ಕಾಣದ್ದನ್ನು ಬೆರಳೋ ಕಿವಿಯೋ ತಿಳಿಯಲಿ. ಬಿಗಿಹಿಡಿತ ಸಾಲದ ಕೈಗೆ ಹಿಡಿ ದಪ್ಪವಾಗಲಿ. ಸೈಕಲಿನ ಹಳೆ ಟ್ಯೂಬನ್ನು ಸುತ್ತಿದರೂ ಸಾಕು. ಕಾಲು ತುಳಿಯಲಾರದ ಹೊಲಿಗೆ ಯಂತ್ರವನ್ನು ಕೈ ತಿರುಗಿಸಲಿ. ಇವೆಲ್ಲದರ ಜೊತೆಗೆ ಸ್ವಲ್ಪ ಹೆಚ್ಚು ಸಮಯ ಕೊಡಬೇಕು. ಅದನ್ನು ಯಾವ ಅಂಗಡಿಯಿಂದಲೂ ತರಲಾಗದು, ಅಧ್ಯಾಪಕರಾದ ನಾವೇ ಕೊಡಬೇಕು.

ಬಂಧುಗಳೇ, ಈ ಮಾತುಗಳನ್ನು ಬೇರೆಲ್ಲಾದರೂ ಆಡಿದ್ದರೆ ಇಲ್ಲಿಗೇ ನಿಲ್ಲಿಸುತ್ತಿದ್ದೆ. ಕಾಸರಗೋಡಿನಲ್ಲಿ ನಿಲ್ಲಿಸುವಂತಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿಯಿತು. ಅದರ ನೋವುಂಡ ಎಣ್ಮಕಜೆ ಮೊದಲಾದ ಗ್ರಾಮಗಳಲ್ಲಿ ಕನ್ನಡ, ತುಳು ಆಡುವ ಮನೆಗಳೇ ಹಲವು. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಅದನ್ನು ನಿಷೇಧಿಸಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು 2017ರಲ್ಲಿ ಆದೇಶಿಸಿತು. ಪರಿಹಾರ ಬೇಕೇ ಬೇಕು. ಆದರೆ ಪರಿಹಾರದ ಹಣ ಒಂದು ದಿನವನ್ನು ತುಂಬುವುದಿಲ್ಲ. ಬೆಳಗಾದರೆ ಮಾಡಲು ಒಂದು ಕೆಲಸ, ಸಂಜೆಗೆ ‘ಇದನ್ನು ನಾನು ಮಾಡಿದೆ’ ಎಂದು ತೋರಿಸಲು ಒಂದು ವಸ್ತು ಬೇಕು. ನಮ್ಮ ಜಿಲ್ಲೆಯ ಬಡ್ಸ್ ಶಾಲೆಗಳು ಬೌದ್ಧಿಕ ಸವಾಲುಳ್ಳ ಮಕ್ಕಳಿಗೆ ಈ ದಾರಿ ತೋರುತ್ತಿವೆ. ಕಾಗದವನ್ನು ಎಲ್ಲಿ ಮಡಚಬೇಕೆಂದು ತೋರುವ ಒಂದು ಮರದ ಚೌಕಟ್ಟು, ಕೆಲಸದ ಹಂತಗಳನ್ನು ಸಾಲಾಗಿ ತೋರುವ ಚಿತ್ರಪಟ್ಟಿ, ಇವೂ ಅಂಥ ಮಕ್ಕಳ ಪಾಲಿಗೆ ಸಹಾಯಕ ತಂತ್ರಜ್ಞಾನವೇ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸರಕಾರಿ ಹುದ್ದೆಗಳಲ್ಲಿ ಶೇಕಡಾ 4 ಮೀಸಲಾತಿ ಕೊಟ್ಟಿದೆ. ಕಾಯಿದೆ ಬಾಗಿಲು ತೆರೆಯುತ್ತದೆ. ಒಳಗೆ ಬಂದ ಮಗುವಿನ ಕೈಗೆ ಏನು ಕೊಡಬೇಕೆಂಬುದನ್ನು ಶಾಲೆಯೇ ನಿರ್ಧರಿಸಬೇಕು.

ಆದುದರಿಂದ ಈ ಸಭೆಯಲ್ಲಿ ನನ್ನದೊಂದು ಬಿನ್ನಹವಿದೆ. ಶತಮಾನೋತ್ಸವದ ನಿಧಿಯಿಂದ ಮಹಾದ್ವಾರವೊಂದನ್ನು ಕಟ್ಟಬೇಕೆಂಬ ಸಲಹೆ ಬಂದಿದೆ. ಅದರ ಹಿಂದಿನ ಪ್ರೀತಿಯನ್ನು ನಾನು ಬಲ್ಲೆ. ಆ ದ್ವಾರದ ಮೇಲೆ ಕನ್ನಡದ ಅಕ್ಷರಗಳು ಕಾಣಬೇಕೆಂಬ ಆಸೆ ನನಗೂ ಇದೆ. ಆದರೆ ಮೊದಲು ಒಂದು ಕೈಕೆಲಸದ ಕೊಠಡಿ ಆಗಲಿ ಎಂದು ಬೇಡುತ್ತೇನೆ. ನಮ್ಮ ಹಳೆ ಕಟ್ಟಡದ ಜಗಲಿ ನೆಲದಿಂದ 45 ಸೆಂಟಿಮೀಟರ್ ಎತ್ತರದಲ್ಲಿದೆ. ಒಂದಕ್ಕೆ ಹನ್ನೆರಡರ ಇಳಿಜಾರಿನಲ್ಲಿ ಗಾಲಿಕುರ್ಚಿ ಏರಬೇಕಾದರೆ 5 ಮೀಟರ್ 40 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕು. ಅಳೆದು ನೋಡಿದ್ದೇನೆ, ನೆಲ್ಲಿಮರದ ಬದಿಯಲ್ಲಿ ಜಾಗವಿದೆ. ಇಳಿಜಾರು ಮಗುವನ್ನು ಬಾಗಿಲವರೆಗೆ ತರುತ್ತದೆ, ಕೆಲಸದವರೆಗೆ ತರಬೇಕಾದದ್ದು ಒಳಗಿನ ಮೇಜು. ಎರಡು ಎತ್ತರದ ಮೇಜುಗಳಿರಲಿ, ಕೆಳಗೆ ಗಾಲಿಕುರ್ಚಿ ತೂರುವಷ್ಟು ತೆರವಿರಲಿ. ಮೇಜಿಗೆ ಬಿಗಿದ ಹಿಡಿಕೆಗಳು, ಕೈಯಿಂದ ತಿರುಗಿಸುವ ಒಂದು ಹೊಲಿಗೆ ಯಂತ್ರ, ಉಬ್ಬುಗೀಟಿನ ಅಳತೆಕೋಲುಗಳು ಇರಲಿ. ಇದು ವಿಕಲಚೇತನರಿಗಷ್ಟೇ ಮೀಸಲಾದ ಪ್ರತ್ಯೇಕ ಕೊಠಡಿಯಾಗದಿರಲಿ. ಎಲ್ಲ ಮಕ್ಕಳೂ ಅಲ್ಲೇ ಕೆಲಸ ಮಾಡಲಿ. ಆ ಕೊಡೆಯ ಕಂಬವನ್ನು ಎರಡು ಕೈ ಸರಿಯಿದ್ದ ಮಕ್ಕಳೂ ಸರದಿ ನಿಂತು ಬಳಸಿದ್ದನ್ನು ನಾನು ಕಂಡಿದ್ದೇನೆ.

ಹಳೆ ವಿದ್ಯಾರ್ಥಿಗಳಲ್ಲಿ ಬಡಗಿಗಳಿದ್ದೀರಿ, ವೆಲ್ಡಿಂಗ್ ಮಾಡುವವರಿದ್ದೀರಿ, ಕೊಲ್ಲಿ ನಾಡುಗಳಲ್ಲಿ ಯಂತ್ರಗಳೊಡನೆ ದುಡಿಯುವವರಿದ್ದೀರಿ, ಬೆಂಗಳೂರು ಮಂಗಳೂರುಗಳಲ್ಲಿ ಇಂಜಿನಿಯರುಗಳಾಗಿದ್ದೀರಿ. ಹಣಕ್ಕಿಂತ ಮೊದಲು ತಮ್ಮಿಂದ ನಾನು ಕೇಳುವುದು ವರ್ಷಕ್ಕೆ ಎರಡು ದಿನ. ಬಂದು ನಮ್ಮ ಒಂದು ಮಗುವಿನ ಪಕ್ಕ ಕುಳಿತುಕೊಳ್ಳಿ. ಅದು ಕೆಲಸ ಮಾಡುವುದನ್ನು ಸುಮ್ಮನೆ ನೋಡಿ. ಎಲ್ಲಿ ತಡೆಯುತ್ತದೆಂದು ಅದನ್ನೇ ಕೇಳಿ. ಆಮೇಲೆ ಉಳಿ ಹಿಡಿಯಿರಿ.

ಹೆತ್ತವರಲ್ಲೂ ಒಂದು ಮಾತು. ಮಗುವಿಗೆ ಕಷ್ಟವಾಗುತ್ತದೆಂದು ಮನೆಯಲ್ಲಿ ಎಲ್ಲ ಕೆಲಸದಿಂದ ಬಿಡುಗಡೆ ಕೊಡಬೇಡಿ. ನಾನು ಕೊಟ್ಟ ಆ ‘ಎ’ ಶ್ರೇಣಿಯಂತೆ ಅದು ಪ್ರೀತಿಯ ವೇಷದ ಅನ್ಯಾಯವಾಗಬಹುದು.

ಆ ಹುಡುಗಿ ಈಗ ತನ್ನ ಊರಿನಲ್ಲೇ ಹೊಲಿಗೆ ಕೆಲಸ ಮಾಡುತ್ತಾಳೆ. ಮೇ ತಿಂಗಳು ಬಂತೆಂದರೆ ಕೊಡೆ ರಿಪೇರಿಗೆ ಅವಳಲ್ಲಿ ಬಿಡುವಿರುವುದಿಲ್ಲ. ಕಳೆದ ಮಳೆಗಾಲದಲ್ಲಿ ನನ್ನ ಕೊಡೆಯನ್ನು ಅವಳಿಗೇ ಕೊಟ್ಟಿದ್ದೆ. ಹಣ ಕೊಡಲು ಹೋದಾಗ ಅವಳು ಬೇಡವೆನ್ನಲಿಲ್ಲ, ಎಣಿಸಿ ತೆಗೆದುಕೊಂಡಳು. ನನಗೆ ಬಹಳ ಸಂತೋಷವಾಯಿತು.

ಎರಡನೆಯ ಶತಮಾನದ ದಾಖಲಾತಿ ಪುಸ್ತಕ ಬರುವ ಜೂನ್‌ನಲ್ಲಿ ತೆರೆಯುತ್ತದೆ. ಅದರಲ್ಲಿ ‘ಶಾಲೆ ಬಿಡಲು ಕಾರಣ’ ಎಂಬ ಕಲಂ ಇದ್ದೇ ಇರುತ್ತದೆ. ಅಲ್ಲಿ ‘ಕಾಲು ಊನ’ ಎಂದು ಇನ್ನು ಮುಂದೆ ಯಾರೂ ಬರೆಯುವಂತಾಗದಿರಲಿ ಎಂಬುದು ನನ್ನ ಪ್ರಾರ್ಥನೆ.